ಟ್ರೋಫಿ ಎತ್ತುವಾಗ ಪಕ್ಕದಲ್ಲಿ ಯಾರಿರಬೇಕು?

ಪ್ರಶ್ನೆ: ನನಗೆ 27 ವರ್ಷ. ತವರು ಪೆರ್ಲದ ಹತ್ತಿರ, ಕೊಟ್ಟದ್ದು ಬದಿಯಡ್ಕದ ಕಡೆಗೆ. ಹೈಸ್ಕೂಲಿನಿಂದ ಕಬಡ್ಡಿ ಆಡುತ್ತಾ ಬಂದವಳು. ಮಗಳು ಹುಟ್ಟಿದಾಗ ಬಿಟ್ಟೆ, ಅವಳು ನಡೆಯಲು ಕಲಿತ ಮೇಲೆ ಪುನಃ ಮ್ಯಾಟಿಗೆ ಇಳಿದೆ. ಕಳೆದ ತಿಂಗಳು ಹೊನಲು ಬೆಳಕಿನ ಪಂದ್ಯಾಟವೊಂದರಲ್ಲಿ ನಮ್ಮ ತಂಡ ಚಾಂಪಿಯನ್ ಆಯಿತು. ಅಂದು ಫೈನಲ್ ಮುಗಿಯುವಾಗ ಮಧ್ಯರಾತ್ರಿ ದಾಟಿತ್ತು, ಮನೆಯವರು ಯಾರೂ ಇರಲಿಲ್ಲ. ಹಾಗಾಗಿ ಕ್ಲಬ್ಬಿನವರು ಊರಿನ ಶಾಲಾ ಮೈದಾನದಲ್ಲಿ ವಿಜಯೋತ್ಸವ, ಸನ್ಮಾನ ಅಂತ ಇನ್ನೊಂದು ಕಾರ್ಯಕ್ರಮ ಇಟ್ಟಿದ್ದಾರೆ. ನಾನು ನಾಯಕಿ, ಟ್ರೋಫಿ ಎತ್ತಬೇಕಾದವಳು ನಾನೇ. ಆಗ ಅಮ್ಮನನ್ನು ವೇದಿಕೆಗೆ ಕರೆದು ಅವರ ಕೈಗೆ ಕೊಡಬೇಕೆಂದು ನನ್ನ ಆಸೆ. ಅಪ್ಪ ತೀರಿಕೊಂಡ ಮೇಲೆ ಬೀಡಿ ಕಟ್ಟಿ ನನ್ನನ್ನೂ ತಮ್ಮನನ್ನೂ ಸಾಕಿದವರು ಅವರು.

ಇದನ್ನು ಹೇಳಿದ್ದೇ ತಡ, ಒಂದೊಂದೇ ಶುರುವಾಯಿತು. ‘ಅತ್ತೆ ಮಾವನನ್ನು ಕೆಳಗೆ ಕೂರಿಸಿ ನಿನ್ನ ಅಮ್ಮನನ್ನು ಮಾತ್ರ ಮೇಲೆ ಕರೆದರೆ ಜನ ಏನು ಹೇಳಿಯಾರು? ಮದುವೆಯಾದ ಮೇಲೂ ಆಡಲು ಬಿಟ್ಟದ್ದು ಅವರಲ್ಲವಾ?’ ಎಂದು ಗಂಡ. ನಿಜ, ಪ್ರಾಕ್ಟೀಸ್ ಇದ್ದ ದಿನಗಳಲ್ಲಿ ಮಗುವನ್ನು ನೋಡಿಕೊಂಡದ್ದು ಅತ್ತೆಯೇ. ಕ್ಲಬ್ಬಿನ ಕಾರ್ಯದರ್ಶಿ, ‘ವೇದಿಕೆಯಲ್ಲಿ ಜಾಗ ಇಲ್ಲ, ಒಬ್ಬರ ಮನೆಯವರು ಬಂದರೆ ಎಲ್ಲರ ಮನೆಯವರೂ ಬರಬೇಕಾಗುತ್ತದೆ’ ಅನ್ನುತ್ತಾರೆ. ನಮ್ಮ ಮುಖ್ಯ ರೈಡರ್, ನನ್ನ ಆಪ್ತ ಗೆಳತಿ, ಅವಳ ಅಮ್ಮ ಹೋಗಿ ಎರಡು ವರ್ಷ ಆಯಿತು. ‘ಕರೆ, ನನಗೇನೂ ಇಲ್ಲ’ ಅಂದಳು, ಆಮೇಲೆ ಎರಡು ದಿನ ಫೋನ್ ಎತ್ತಲಿಲ್ಲ. ಮಗಳನ್ನು ಎತ್ತಿಕೊಂಡು ಟ್ರೋಫಿ ಜೊತೆ ಫೋಟೊ ತೆಗೆಸಬೇಕೆಂದೂ ಇದೆ. ಇಷ್ಟೆಲ್ಲ ಆದ ಮೇಲೆ ಅಮ್ಮ, ‘ನಾನು ಸ್ಟೇಜಿಗೆ ಬರುವುದಿಲ್ಲ ಮಗಾ’ ಅನ್ನುತ್ತಿದ್ದಾರೆ. ನಾನು ಏನು ಮಾಡಲಿ?
– ಹೆಸರು ಬೇಡ, ಕಾಸರಗೋಡು

ಉತ್ತರ: ತಂಗೀ, ಮೊದಲು ಅಭಿನಂದನೆ. ಹೆತ್ತು, ಬಿಟ್ಟು, ಪುನಃ ಇಳಿದು ಗೆಲ್ಲುವುದೆಂದರೆ ಸಣ್ಣ ಸಂಗತಿಯಲ್ಲ.

ಗಂಡನ ಮಾತು, ಕಾರ್ಯದರ್ಶಿಯ ಮಾತು, ಗೆಳತಿಯ ಮಾತು ಎಲ್ಲವನ್ನೂ ಬರೆದು, ಅಮ್ಮ ಹೇಳಿದ್ದನ್ನು ಕೊನೆಯ ಸಾಲಿಗೆ ಇಟ್ಟಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅಮ್ಮ ಯಾಕೆ ಬರುವುದಿಲ್ಲ ಎನ್ನುತ್ತಿದ್ದಾರೆ ಎಂದು ಕೇಳಿದ್ದೀರಾ? ಪತ್ರದಲ್ಲಿ ಅದು ಇಲ್ಲ. ನಾಚಿಕೆ ಇರಬಹುದು. ಬೀಗರ ಮುಂದೆ ತಾನು ಎದ್ದು ಕಾಣುವುದು ಬೇಡ, ಮಗಳಿಗೆ ಗಂಡನ ಮನೆಯಲ್ಲಿ ಒಂದು ಮಾತು ಬರುವುದು ಬೇಡ ಎಂಬ ಲೆಕ್ಕವೂ ಇರಬಹುದು. ನನಗೆ ಇನ್ನೊಂದು ಅನುಮಾನವೂ ಇದೆ.

ನಮ್ಮ ಊರಿನ ಸನ್ಮಾನ ಹೇಗೆ ನಡೆಯುತ್ತದೆಂದು ನಿಮಗೂ ಗೊತ್ತು. ಅಮ್ಮ ಮೆಟ್ಟಿಲು ಹತ್ತುವಾಗಲೇ ಮೈಕ್ ಹಿಡಿದವರು ಸ್ವರ ಇಳಿಸಿ, ‘ಬೀಡಿ ಕಟ್ಟಿ, ಹಗಲಿರುಳು ಕಷ್ಟಪಟ್ಟು, ಗಂಡನಿಲ್ಲದೆ ಎರಡು ಮಕ್ಕಳನ್ನು...’ ಎಂದು ಶುರು ಮಾಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಎದುರಿನ ಕುರ್ಚಿಗಳಲ್ಲಿ ಇರುವವರು ಯಾರು? ಎಲೆ ನೆನೆಸಿ, ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ವಾರ ವಾರ ನಿಮ್ಮ ಅಮ್ಮನ ಜೊತೆಗೇ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿನ ಜಗಲಿಯಲ್ಲಿ ಕಾದು ಕೂತ ಹೆಂಗಸರು. ಬೀಡಿ ಚೆನ್ನಾಗಿಲ್ಲ ಎಂದು ಬದಿಗೆ ಹಾಕಿದಾಗ ಒಟ್ಟಿಗೆ ಬೈದುಕೊಂಡು ಮನೆಗೆ ನಡೆದವರು. ಅವರೆಲ್ಲರ ಮುಂದೆ ತನ್ನ ಕಷ್ಟವನ್ನು ಒಬ್ಬ ಗಂಡಸು ಕಥೆಯಂತೆ ಓದುವುದು, ಜನ ಅಯ್ಯೋ ಪಾಪ ಎನ್ನುವುದು ನಿಮ್ಮ ಅಮ್ಮನಿಗೆ ಗೌರವವೆಂದು ಅನಿಸಲಿಕ್ಕಿಲ್ಲ. ನೀವು ಕೊಡಬೇಕೆಂದಿರುವುದು ಟ್ರೋಫಿ, ಅಲ್ಲಿ ಹಂಚಿಕೆಯಾಗುವುದು ಕನಿಕರ.

ಎರಡು ತಾಯಂದಿರನ್ನು ನೆನಪಿಸುತ್ತೇನೆ, ಇಬ್ಬರೂ 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್ಪಿನವರು, ಇಬ್ಬರೂ ಮೊರಾಕ್ಕೊ ಆಟಗಾರರ ಅಮ್ಮಂದಿರು. ಪೋರ್ಚುಗಲನ್ನು ಸೋಲಿಸಿದ ದಿನ ಸೋಫಿಯಾನ್ ಬೂಫಲ್ ತನ್ನ ಅಮ್ಮನನ್ನು ಮೈದಾನಕ್ಕೇ ಕರೆದುಕೊಂಡು ಬಂದ. ಆ ತಾಯಿ ತಲೆವಸ್ತ್ರ ಧರಿಸಿಯೇ ಹುಲ್ಲಿನ ಮೇಲೆ ಮಗನ ಕೈ ಹಿಡಿದು ಕುಣಿದರು. ನೋಡಿದವರಿಗೆಲ್ಲ ಖುಷಿ, ಯಾಕೆಂದರೆ ಅವರಿಗೇ ಖುಷಿ ಇತ್ತು. ಅದೇ ತಂಡದ ಅಶ್ರಫ್ ಹಕೀಮಿಯ ತಾಯಿ ಹಿಂದೆ ಬೇರೆಯವರ ಮನೆ ಸ್ವಚ್ಛ ಮಾಡಿ ಮಕ್ಕಳನ್ನು ಬೆಳೆಸಿದವರು. ಬೆಲ್ಜಿಯಂ ವಿರುದ್ಧ ಗೆದ್ದ ಮೇಲೆ ಹಕೀಮಿ ಅವರನ್ನು ಕೆಳಗೆ ಇಳಿಸಲಿಲ್ಲ. ತಾನೇ ಪ್ರೇಕ್ಷಕರ ಸಾಲಿಗೆ ಹೋದ. ಅಮ್ಮ ನಿಂತಲ್ಲೇ ನಿಂತು ಮಗನ ಕೆನ್ನೆಗೆ ಮುತ್ತು ಕೊಟ್ಟರು, ಮಗ ಅಮ್ಮನ ಹಣೆಗೆ. ಜಗತ್ತು ಎರಡನ್ನೂ ನೋಡಿತು, ಎರಡನ್ನೂ ಮೆಚ್ಚಿತು.

ನಿಮ್ಮ ಅಮ್ಮ ಇವರಲ್ಲಿ ಯಾರ ಹಾಗೆ ಎಂದು ನನಗಿಂತ ನಿಮಗೆ ಗೊತ್ತು. ಕುಣಿಯುವವರಾಗಿದ್ದರೆ ಇಷ್ಟರಲ್ಲಿ ಯಾವ ಸೀರೆ ಉಡುವುದೆಂದು ಕೇಳುತ್ತಿದ್ದರು. ಆದ್ದರಿಂದ ಅವರು ಕೂತಲ್ಲಿಗೆ ನೀವು ಹೋಗಿ. ಮೈಕ್ ಇಲ್ಲದೆ, ಹೆಸರು ಕೂಗಿಸದೆ, ವೇದಿಕೆಯಿಂದ ಇಳಿದು, ಹೆಂಗಸರ ಸಾಲಿನ ನಡುವೆ ಹೋಗಿ ಟ್ರೋಫಿಯನ್ನು ಅವರ ಮಡಿಲಿಗೆ ಕೊಡಿ. ಅಷ್ಟೂ ಬೇಡವೆಂದರೆ ಬೇಡ. ಚೆಸ್ ವಿಶ್ವ ಚಾಂಪಿಯನ್ ಆದ ಗುಕೇಶ್ 2024ರಲ್ಲಿ ಸಿಂಗಾಪುರದಲ್ಲಿ ಗೆದ್ದಾಗ ಅಪ್ಪ ಆಟದ ಹಾಲಿನ ಹೊರಗಿದ್ದರು, ಮಗ ಹೊರಗೆ ಬಂದು ಅವರನ್ನು ತಬ್ಬಿಕೊಂಡ. ವೇದಿಕೆ ಇಲ್ಲದ ಜಾಗ ಅದು, ಆದರೂ ಆ ಫೋಟೊ ನೋಡದವರು ಕಡಿಮೆ.

ಈಗ ತಂಡದ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ಟೆನಿಸ್ ಆಟಗಾರ್ತಿ ಕಪ್ ಹಿಡಿದು ಯಾರನ್ನು ಬೇಕಾದರೂ ಕರೆಯಬಹುದು, ಆ ಕಪ್ ಅವಳೊಬ್ಬಳದು. ಕಿಮ್ ಕ್ಲೈಸ್ಟರ್ಸ್ 2009ರಲ್ಲಿ, ನಿಮ್ಮ ಹಾಗೆಯೇ ಹೆತ್ತು ಮರಳಿ ಬಂದು, ಅಮೆರಿಕನ್ ಓಪನ್ ಗೆದ್ದು ಪುಟ್ಟ ಮಗಳನ್ನು ಅಂಕಣಕ್ಕೇ ಕರೆತಂದರು. ಯಾರಿಗೂ ಅಡ್ಡಿಯಾಗಲಿಲ್ಲ. ಆದರೆ ಕಬಡ್ಡಿಯಲ್ಲಿ ಮ್ಯಾಟಿನ ಮೇಲೆ 7 ಮಂದಿ, ಬೆಂಚಿನಲ್ಲಿ 5 ಮಂದಿ. ಇಡೀ ಪಂದ್ಯಾಟದಲ್ಲಿ ಒಂದು ರೈಡಿಗೂ ಹೋಗದೆ ನೀರಿನ ಬಾಟಲಿ ಕೊಡುತ್ತಾ ಕೂತ ಹುಡುಗಿಗೂ ಆ ಟ್ರೋಫಿಯಲ್ಲಿ ನಿಮ್ಮಷ್ಟೇ ಪಾಲು. ನಾಯಕಿ ಮೊದಲು ಎತ್ತುತ್ತಾಳೆ, ಅದು ರೂಢಿ. ಹಾಗೆಂದು ಮೊದಲ ಕ್ಷಣವೇ ಅದು ನಾಯಕಿಯ ಮನೆಯವರ ಕೈಗೆ ಹೋಗಬಾರದು. ಮೊದಲು 12 ಕೈಗಳೂ ಮುಟ್ಟಲಿ. ಬೆಂಚಿನ ಹುಡುಗಿಯ ಹೆಗಲಿಗೂ ಒಮ್ಮೆ ಏರಲಿ. ಆಮೇಲೆ ಅಮ್ಮ, ಅತ್ತೆ, ಮಗಳು, ಯಾರು ಬೇಕಾದರೂ.

ಗೆಳತಿ ಫೋನ್ ಎತ್ತದಿದ್ದುದಕ್ಕೆ ಕಾರಣ ಅಸೂಯೆಯಲ್ಲ. ಎಲ್ಲರ ಅಮ್ಮಂದಿರೂ ಮೇಲೆ ಬಂದು ನಿಂತಾಗ ತಾನು ಕೈ ಎಲ್ಲಿಡುವುದೆಂದು ಅವಳಿಗೆ ಈಗಲೇ ಕಾಣುತ್ತಿದೆ. ಅದಕ್ಕಾಗಿ ಯಾರ ಅಮ್ಮನೂ ಬರಬಾರದು ಎಂದು ತೀರ್ಮಾನಿಸಿದರೆ ಅವಳಿಗೇ ಇನ್ನಷ್ಟು ಹಿಂಸೆ, ತನ್ನಿಂದ ಎಲ್ಲರಿಗೂ ತಪ್ಪಿತು ಎಂದು ಕೊರಗುತ್ತಾಳೆ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ಕ್ರಿಕೆಟ್ ವಿಶ್ವಕಪ್ ಗೆದ್ದ ರಾತ್ರಿ ನೋಡಿದಿರಲ್ಲ? ಗಾಯವಾಗಿ ಫೈನಲ್ ಆಡಲಾಗದ ಪ್ರತಿಕಾ ರಾವಲ್ ಗಾಲಿಕುರ್ಚಿಯಲ್ಲಿ ಬಂದು ಅವರ ನಡುವೆ ಇದ್ದರು. ಆಡುವ ಕಾಲದಲ್ಲಿ ಕಪ್ ಸಿಗದೆ ನಿವೃತ್ತರಾದ ಮಿಥಾಲಿ ರಾಜ್, ಜೂಲನ್ ಗೋಸ್ವಾಮಿಯರ ಕೈಗೆ ಹುಡುಗಿಯರು ಕಪ್ ಕೊಟ್ಟು ಎತ್ತಿಸಿದರು. ರಕ್ತಸಂಬಂಧ ಏನೂ ಇಲ್ಲ. ತಮಗಿಂತ ಮೊದಲು ಆ ಮೈದಾನದಲ್ಲಿ ಬೆವರು ಸುರಿಸಿದವರು ಅಷ್ಟೆ. ನಿಮ್ಮ ಗೆಳತಿಯನ್ನೂ ಕೇಳಿ, ‘ನಿನಗೆ ಯಾರು ಬರಬೇಕು?’ ಎಂದು. ಅವಳಿಗೆ ಮೊದಲು ರೈಡ್ ಹೇಳಿಕೊಟ್ಟ ಪಿ.ಟಿ. ಟೀಚರ್ ಇರಬಹುದು, ಸಂಜೆ ಬೈಕಿನಲ್ಲಿ ಮನೆಗೆ ಬಿಡುತ್ತಿದ್ದ ಅಣ್ಣ ಇರಬಹುದು, ಯಾರೂ ಬೇಡ ಎಂದೂ ಹೇಳಬಹುದು. ಆದರೆ ಫೋನಿನಲ್ಲಿ ಕೇಳಬೇಡಿ. ಪ್ರಾಕ್ಟೀಸ್ ಮುಗಿದು ಕಾಲಿನ ಬ್ಯಾಂಡೇಜ್ ಬಿಚ್ಚುತ್ತಾ ಕೂತಿರುವಾಗ ಕೇಳಿ, ಆಗ ನಿಜ ಬರುತ್ತದೆ.

ಕಾರ್ಯದರ್ಶಿಯವರ ಬಗ್ಗೆ ಹೇಳಲೇಬೇಕು. ವೇದಿಕೆಯಲ್ಲಿ ಜಾಗ ಇಲ್ಲವಂತೆ! ಪಂಚಾಯತ್ ಅಧ್ಯಕ್ಷರು, ವಾರ್ಡ್ ಮೆಂಬರ್, ಸಹಕಾರಿ ಬ್ಯಾಂಕಿನವರು, ಭಜನಾ ಮಂದಿರದವರು, ಫ್ಲೆಕ್ಸ್ ಕೊಟ್ಟವರು, ಸೌಂಡ್ಸ್ ಕೊಟ್ಟವರು, ಇವರಿಗೆಲ್ಲ ಜಾಗ ಇದೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಶುಭಾಶಂಸನೆ, ಅಧ್ಯಕ್ಷೀಯ ಮುಗಿಯುವವರೆಗೆ ಗೆದ್ದ ಹುಡುಗಿಯರು ಜೆರ್ಸಿ ಹಾಕಿಕೊಂಡು ವೇದಿಕೆಯ ಬದಿಯಲ್ಲಿ ಸೊಳ್ಳೆ ಹೊಡೆಯುತ್ತಾ ನಿಂತಿರಬೇಕು. ಕೊನೆಗೆ ಫೋಟೊಕ್ಕೆ ನಿಲ್ಲಿಸುವಾಗ ಮುಂದಿನ ಸಾಲಿನಲ್ಲಿ ಅತಿಥಿಗಳು ಕೂತಿರುತ್ತಾರೆ, ಆಟಗಾರ್ತಿಯರ ಕಣ್ಣು ಮಾತ್ರ ಹಿಂದಿನಿಂದ ಕಾಣುತ್ತದೆ. ಮನೆಯವರನ್ನು ವೇದಿಕೆಗೆ ತರುವುದು ಸರಿಯೋ ತಪ್ಪೋ ಎಂದು ನಾವು ಚರ್ಚಿಸುತ್ತೇವೆ, ಅಲ್ಲಿ ಅಷ್ಟು ಮಂದಿ ಬೇರೆಯವರು ಯಾಕಿದ್ದಾರೆ ಎಂದು ಕೇಳುವುದಿಲ್ಲ.

ಹಾಗೆಂದು ಅವರ ಎರಡನೇ ಮಾತು ಸುಳ್ಳಲ್ಲ. ಒಬ್ಬರ ಮನೆಯವರು ಹತ್ತಿದರೆ 12 ಮನೆಯವರೂ ಹತ್ತುತ್ತಾರೆ, ನಮ್ಮೂರಿನ ತಾತ್ಕಾಲಿಕ ವೇದಿಕೆಗಳು ಅಷ್ಟು ಭಾರ ತಡೆಯುವಂಥವಲ್ಲ. ನನ್ನ ಸಲಹೆ ಇದು: ವೇದಿಕೆ ತಂಡಕ್ಕೆ, ಮೈದಾನ ಮನೆಯವರಿಗೆ. ಟ್ರೋಫಿ ಎತ್ತುವುದು ಮುಗಿದ ಕೂಡಲೇ ತಂಡ ಕೆಳಗಿಳಿಯಲಿ, ವೇದಿಕೆಯ ಎದುರು ಹಗ್ಗ ಕಟ್ಟಿ ಜಾಗ ಬಿಟ್ಟಿರಲಿ, ಪ್ರತಿಯೊಬ್ಬಳೂ ತನಗೆ ಬೇಕಾದವರನ್ನು ಅಲ್ಲಿಗೆ ಕರೆಯಲಿ. ನೆಲದ ಮೇಲೆ ಕುರ್ಚಿಯ ಲೆಕ್ಕ ಇಲ್ಲ, ಮೇಲು ಕೆಳಗೂ ಇಲ್ಲ. ನಿಮ್ಮ ಅಮ್ಮ ಮತ್ತು ಅತ್ತೆ ಒಂದೇ ನೆಲದಲ್ಲಿ ನಿಲ್ಲುತ್ತಾರೆ.

ಅತ್ತೆಯ ಮಾತು ಬಂತಲ್ಲ. ಗಂಡ ಹೇಳಿದ್ದರಲ್ಲಿ ಅರ್ಧ ನನಗೆ ಒಪ್ಪಿಗೆ, ಅರ್ಧ ಇಲ್ಲ. ಮದುವೆಯಾದ ಹೆಣ್ಣು ಆಟ ಮುಂದುವರಿಸಿದ್ದನ್ನು ಮನೆಯವರು ಮಾಡಿದ ಉಪಕಾರವೆಂದು ಊರ ಮುಂದೆ ತೋರಿಸಬೇಕಾಗಿಲ್ಲ. ಗಂಡಸರು ಕ್ರಿಕೆಟ್ ಆಡಲು ಹೋಗುವಾಗ ಯಾರು ಬಿಟ್ಟರು ಎಂದು ಯಾರಾದರೂ ಕೇಳಿದ್ದಾರಾ? ಆದರೆ ಸಂಜೆ ಹೊತ್ತು ಅಳುವ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ತಿರುಗಿದ ಅತ್ತೆಯ ಕೆಲಸ ನಿಜವಾದದ್ದು. ಅದನ್ನು ಗಂಡನ ಒತ್ತಾಯಕ್ಕೆ, ಜನರ ಬಾಯಿಗೆ ಹೆದರಿ ಒಪ್ಪಬೇಡಿ. ನಾಯಕಿಗೆ ಎರಡು ಮಾತಾಡಲು ಮೈಕ್ ಕೊಡುತ್ತಾರಲ್ಲ, ಆಗ ನೀವೇ ಹೇಳಿ, ‘ಪ್ರಾಕ್ಟೀಸ್ ದಿನ ನನ್ನ ಮಗಳನ್ನು ನೋಡಿಕೊಂಡದ್ದು ನನ್ನ ಅತ್ತೆ’ ಎಂದು. ಒಂದೇ ವಾಕ್ಯ ಸಾಕು. ಮಾವನ ಬಗ್ಗೆ ನೀವೇನೂ ಬರೆದಿಲ್ಲ, ಆದ್ದರಿಂದ ನಾನೂ ಏನೂ ಹೇಳುವುದಿಲ್ಲ. ಅಮ್ಮನ ಬಗ್ಗೆ ಏನು ಹೇಳಬೇಕೆಂದು ಅಮ್ಮನನ್ನೇ ಕೇಳಿ ಹೇಳಿ. ಬೀಡಿಯ ವಿಷಯ ಬೇಡವೆಂದರೆ ಬಿಟ್ಟುಬಿಡಿ, ಉದ್ಘೋಷಕರಿಗೂ ಮೊದಲೇ ಹೇಳಿಡಿ.

ಮಗಳ ಫೋಟೊ ಸುಲಭ. 2016ರ ಯೂರೋ ಫುಟ್‌ಬಾಲಿನಲ್ಲಿ ವೇಲ್ಸ್ ಆಟಗಾರರು ಗೆದ್ದಾಗಲೆಲ್ಲ ಮಕ್ಕಳನ್ನು ಮೈದಾನಕ್ಕೆ ತಂದು ಆಡಿಸುತ್ತಿದ್ದರು. ಮಕ್ಕಳಿಗೆ ಅದು ಸುರಕ್ಷಿತ ಜಾಗವಲ್ಲ, ಇದು ಚಾಂಪಿಯನ್‌ಶಿಪ್ಪೇ ಹೊರತು ಮನೆಯ ಪಾರ್ಟಿಯಲ್ಲ ಎಂದು ಸಂಘಟಕರು ಗೊಣಗಿದರು. ಆಗ ಓದಿ ನಗು ಬಂದಿತ್ತು, ಆದರೆ ನಮ್ಮಲ್ಲಿ ಟ್ರೋಫಿ ಎತ್ತಿದ ಕ್ಷಣಕ್ಕೇ ಮಾಲೆ ಪಟಾಕಿ ಹಚ್ಚುತ್ತಾರೆ, ನಾಸಿಕ್ ಬ್ಯಾಂಡಿನವರು ಕಿವಿಯ ಬುಡದಲ್ಲೇ ಬಾರಿಸುತ್ತಾರೆ. ಆ ಗದ್ದಲದಲ್ಲಿ ಸಣ್ಣ ಮಗು ನಗುವುದಿಲ್ಲ, ಕಿರುಚುತ್ತದೆ. ಫೋಟೊ ಕಾರ್ಯಕ್ರಮಕ್ಕೆ ಮೊದಲು, ಇನ್ನೂ ಬೆಳಕಿರುವಾಗಲೇ, ನಿಮ್ಮ ಜೆರ್ಸಿಯಲ್ಲೇ ತೆಗೆಸಿಕೊಳ್ಳಿ. ಟ್ರೋಫಿ ಆಗ ಹೇಗೂ ಕಾರ್ಯದರ್ಶಿಯವರ ಮೇಜಿನ ಮೇಲೆ ಇರುತ್ತದೆ.

ಇನ್ನು ತಡ ಮಾಡಬೇಡಿ. ಆಮಂತ್ರಣ ಪತ್ರಿಕೆ ಪ್ರೆಸ್ಸಿಗೆ ಹೋಗುವ ಮೊದಲೇ ಕಾರ್ಯದರ್ಶಿಯವರನ್ನು ಕಾಣಿ. ಒಮ್ಮೆ ಅತಿಥಿಗಳ ಹೆಸರು ಅಚ್ಚಾದರೆ ದೇವರು ಬಂದರೂ ನಮ್ಮೂರಿನ ಕಾರ್ಯಕ್ರಮ ಬದಲಾಗುವುದಿಲ್ಲ. ಒಬ್ಬರೇ ಹೋಗಬೇಡಿ, ಉಪನಾಯಕಿಯನ್ನೂ ಆ ಗೆಳತಿಯನ್ನೂ ಕರೆದುಕೊಂಡು ಹೋಗಿ. ನಿಮ್ಮೊಬ್ಬರ ಮನೆಯ ಆಸೆಯೆಂದು ಅವರಿಗೆ ಅನಿಸಬಾರದು. ತಂಡದ ಕಡೆಯಿಂದ ಎರಡೇ ಬೇಡಿಕೆ ಇಡಿ: ಸಭೆಯ ಮೊದಲ ಅರ್ಧ ಗಂಟೆಯಲ್ಲೇ ಟ್ರೋಫಿ ಎತ್ತುವುದು, ಆಮೇಲೆ ಮೈದಾನದಲ್ಲಿ ಮನೆಯವರಿಗೆ ಹತ್ತು ನಿಮಿಷ. ಭಾಷಣ ಅದಾದ ಮೇಲೆ ಎಷ್ಟು ಹೊತ್ತು ಬೇಕಾದರೂ ನಡೆಯಲಿ, ಕೇಳುವವರು ಕೇಳುತ್ತಾರೆ.