ನೀಲಿ ಇನ್ಹೇಲರ್ ಈಗ ಹಿಡಿಯುತ್ತಿಲ್ಲ, ಇದಕ್ಕಿಂತ ಸ್ಟ್ರಾಂಗ್ ಯಾವುದಿದೆ?

‘ಮೊದಲು ಎರಡು ಪಫ್ ಸಾಕಿತ್ತು, ಈಗ ಆರು ಬೇಕು’ ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ಕೆಂದಿತು. ನನಗೂ ಆಸ್ತಮಾ, ನಾನೂ ಹೀಗೇ ಇದ್ದೆ.

ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಕೆಲಸ ಮುಂಬೈಯ ಫೋರ್ಟ್‌ನಲ್ಲಿ. ಸ್ಟೇಷನ್ನಿನ ಬ್ರಿಜ್ ಹತ್ತುವ ಮೊದಲು ಎರಡು ಪಫ್, ಸಿಎಸ್‌ಟಿಯಲ್ಲಿ ಇಳಿದ ಮೇಲೆ ಮತ್ತೆರಡು. ಡಾಕ್ಟರ್ ಕೊಟ್ಟಿದ್ದು ಎರಡು ಇನ್ಹೇಲರ್. ನೀಲಿಯದು ಸಾಲ್ಬುಟಮಾಲ್, ದಮ್ಮು ಬಂದಾಗ ಮಾತ್ರ. ಇನ್ನೊಂದು ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್, ದಿನಾ ಬೆಳಿಗ್ಗೆ ಮತ್ತು ರಾತ್ರಿ. ಅದನ್ನು ಹತ್ತೇ ದಿನಕ್ಕೆ ಬಿಟ್ಟೆ. ನನ್ನ ತಪ್ಪು ಅದೊಂದೇ. ಸ್ಟೀರಾಯ್ಡ್ ಅಂದರೆ ಹೆದರಿಕೆ. ಎಳೆದರೆ ತಕ್ಷಣ ಏನೂ ಗೊತ್ತಾಗುತ್ತಿರಲಿಲ್ಲ. ನೀಲಿಯದು ಐದು ನಿಮಿಷದಲ್ಲಿ ಉಸಿರು ಬಿಡಿಸುತ್ತಿತ್ತು, ಅದೇ ನಿಜವಾದ ಔಷಧಿ ಅಂದುಕೊಂಡೆ. 200 ಪಫ್‌ನ ಡಬ್ಬಿ ತಿಂಗಳಿಗೊಂದು ಖಾಲಿ. ಊರಿಂದ ಅಮ್ಮ ಕೇಳಿದರೆ ‘ಔಷಧಿ ಸರಿಯಾಗಿ ತಗೊಳ್ತಿದ್ದೇನೆ’ ಅಂತಿದ್ದೆ.

ಫೆಬ್ರವರಿಯಲ್ಲಿ ಕಾರ್ಕಳದಲ್ಲಿ ತಂಗಿಯ ಮದುವೆ. ಮತ್ಸ್ಯಗಂಧಾ ರೈಲಿನ ಟಿಕೆಟ್ ಆಗಿತ್ತು. ಹೊರಡುವ ಹಿಂದಿನ ರಾತ್ರಿ ಹತ್ತು ಪಫ್ ಎಳೆದರೂ ಉಸಿರು ಸಿಗಲಿಲ್ಲ. ಪಕ್ಕದ ಮನೆಯ ಕಾಕಾ ರಿಕ್ಷಾದಲ್ಲಿ ಆಸ್ಪತ್ರೆಗೆ ಸೇರಿಸಿದರು. ತಂಗಿಯ ಧಾರೆಯನ್ನು ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ವಿಡಿಯೊ ಕಾಲ್‌ನಲ್ಲಿ ನೋಡಿದೆ.

ಯಾಕೆ ಹೀಗಾಯಿತು ಅಂತ ಅಲ್ಲಿನ ಡಾಕ್ಟರ್ ಹೇಳಿದರು. ಶ್ವಾಸನಾಳದ ಸ್ನಾಯು ಕೋಶಗಳ ಮೇಲೆ ಬೀಟಾ-2 ರಿಸೆಪ್ಟರ್‌ಗಳಿವೆ, ಅಂದರೆ ಹೊರಗಿನ ಸಂದೇಶ ಹಿಡಿಯುವ ಪ್ರೋಟೀನ್‌ಗಳು. ಸಾಲ್ಬುಟಮಾಲ್ ಅಲ್ಲಿ ಕೂತರೆ ಸ್ನಾಯು ಸಡಿಲ ಆಗುತ್ತದೆ. ಆದರೆ ಹಗಲೂ ರಾತ್ರಿ ಬೆಲ್ ಒತ್ತುತ್ತಲೇ ಇದ್ದರೆ ಮನೆಯವರು ಏನು ಮಾಡುತ್ತಾರೆ? ವೈರ್ ಕೀಳುತ್ತಾರೆ, ಅಲ್ವಾ? ಕೋಶವೂ ಅದನ್ನೇ ಮಾಡುತ್ತದೆ. ಅರೆಸ್ಟಿನ್ ಅನ್ನೋ ಪ್ರೋಟೀನ್ ಬಂದು ರಿಸೆಪ್ಟರ್‌ನ ಸಂದೇಶ ತಡೆಯುತ್ತದೆ. ಆಮೇಲೆ ಕೋಶ ರಿಸೆಪ್ಟರ್‌ಗಳನ್ನೇ ಒಳಗೆ ಎಳೆದುಕೊಳ್ಳುತ್ತದೆ, ಕೆಲವನ್ನು ಒಡೆದೂ ಹಾಕುತ್ತದೆ. ಜೊತೆಗೆ ನಾಳದ ಒಳಗಿನ ಊತ ಸುಮ್ನೆ ಬೆಳೆಯುತ್ತಲೇ ಇತ್ತು. ಅದಕ್ಕೆ ನೀಲಿಯದು ಏನೂ ಮಾಡುವುದಿಲ್ಲ. ನಾನು ಬಿಟ್ಟ ಸ್ಟೀರಾಯ್ಡ್ ಇದೆಯಲ್ಲ, ಅದು ಊತ ಇಳಿಸುತ್ತದೆ, ಬೀಟಾ-2 ರಿಸೆಪ್ಟರ್‌ಗಳನ್ನು ಜಾಸ್ತಿ ಮಾಡಲು ಕೋಶಕ್ಕೆ ನೆರವಾಗುತ್ತದೆ.

ಅದಕ್ಕೇ ಹೇಳುತ್ತೇನೆ, ‘ಸ್ಟ್ರಾಂಗ್ ಯಾವುದು’ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ನೀಲಿಯದನ್ನು ಎಸೆಯಬೇಡಿ, ತುರ್ತಿಗೆ ಅದು ಬೇಕು. ಎಳೆದರೂ ದಮ್ಮು ಇಳಿಯದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ವರ್ಷಕ್ಕೆ 3 ಡಬ್ಬಿ ಖಾಲಿಯಾದರೇ ಆಸ್ತಮಾ ಹತೋಟಿ ತಪ್ಪಿದೆ ಅಂತ ಲೆಕ್ಕ. 12 ಆದರೆ ಜೀವಕ್ಕೇ ಅಪಾಯ. ತಿಂಗಳಿಗೆ ಎಷ್ಟು ಮುಗಿಸುತ್ತೀರಿ ಅಂತ ನೀವು ಬರೆದಿಲ್ಲ. ಈ ವಾರವೇ ಡಾಕ್ಟರ್ ಹತ್ತಿರ ಹೋಗಿ, ಮೊದಲು ಆ ಲೆಕ್ಕ ಹೇಳಿ.