ಓದುಗರ ಪ್ರಶ್ನೆ: ರೈಲಿನಲ್ಲಿ ಮುರಿದ ಕವಚ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಚಿಕ್ಕಂದಿನಿಂದಲೂ ಕಾಮಿಕ್ಸ್ ಓದುವ ಹುಚ್ಚು ಇರುವುದರಿಂದ ಈ ಸಲ ಗೆಳೆಯನೊಬ್ಬನನ್ನು ಜೊತೆಮಾಡಿಕೊಂಡು ಹೈದರಾಬಾದಿನಲ್ಲಿ ನಡೆದ ದೊಡ್ಡ ಕಾಮಿಕ್ಸ್ ಸಮಾವೇಶಕ್ಕೆ ಹೋಗಿದ್ದೆ. ಯೋಗ ಮಾಡುವ ಫೋಮ್ ಚಾಪೆಗಳನ್ನು ಕತ್ತರಿಸಿ, ಗ್ಲೂ ಗನ್ನಿನಿಂದ ಅಂಟಿಸಿ, ಜಪಾನಿ ಕಾಮಿಕ್ಸಿನ ಯೋಧನೊಬ್ಬನ ಕವಚವನ್ನು ಎರಡು ತಿಂಗಳು ಕುಳಿತು ಮಾಡಿದ್ದೆ. ಜನರಲ್ ಬೋಗಿಯ ನೂಕುನುಗ್ಗಲಿನಲ್ಲಿ ವಾಡಿ ದಾಟುವಷ್ಟರಲ್ಲಿ ಭುಜದ ಪಟ್ಟಿ ಕಿತ್ತುಬಂತು; ತಾಂಡೂರಿಗೆ ಬರುವ ಹೊತ್ತಿಗೆ ಎದೆಯ ಭಾಗವೂ ಎರಡಾಯಿತು. ಆದರೂ ಆ ಅರ್ಧ ಮುರಿದ ಕವಚದಲ್ಲೇ ನಿಂತಿದ್ದ ನನ್ನನ್ನು ಅನೇಕರು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ನಾನು ಯಾರ ವೇಷದಲ್ಲಿದ್ದೇನೆಂದು ಹೇಳದೆಯೇ ಗುರುತಿಸುವ ಜನ ನನಗೆ ಸಿಕ್ಕಿದ್ದು ಅದೇ ಮೊದಲು. ಬೇಸರವಾದದ್ದು ಬೇರೆ ವಿಷಯಕ್ಕೆ. ಎಲ್ಲಿ ನೋಡಿದರೂ ಟೀ ಶರ್ಟು, ಗೊಂಬೆ, ವಿಡಿಯೋ ಗೇಮು, ಸಿನಿಮಾ ಜಾಹೀರಾತು; ಪುಸ್ತಕದ ಮಳಿಗೆಗಳನ್ನು ಹುಡುಕಿಕೊಂಡು ಹೋಗಬೇಕಾಯಿತು, ಹೋದಾಗ ಜೇಬು ಖಾಲಿಯಾಗಿತ್ತು. ಕನ್ನಡದ ಒಂದು ಪುಟವೂ ಕಣ್ಣಿಗೆ ಬೀಳಲಿಲ್ಲ. ಮನೆಗೆ ಬಂದರೆ ಅಪ್ಪ, "ಸೋಗ ಹಾಕ್ಕೊಂಡು ತಿರಗ್ಲಕ್ ನಿನಗ ಇಷ್ಟು ಓದಿಸ್ಬೇಕಿತ್ತೇನು?" ಎಂದರು. ಕಾಮಿಕ್ಸೇ ಕಡಿಮೆಯಿರುವ ಕಾಮಿಕ್ಸ್ ಸಮಾವೇಶಕ್ಕೆ ಮತ್ತೊಮ್ಮೆ ಹೋಗಬೇಕೇ? ಹೋದರೆ ಕವಚವನ್ನು ಕಾಪಾಡಿಕೊಳ್ಳುವುದು ಹೇಗೆ?
(ಹೆಸರು ಬೇಡವೆಂದ ಓದುಗ, ಕಲಬುರಗಿ)

ಉತ್ತರ: ಹೋಗಬೇಕು, ಆದರೆ ಹೋದ ಕೂಡಲೇ ಬಲಕ್ಕೂ ಎಡಕ್ಕೂ ನೋಡದೆ ಕಲಾವಿದರು ಕುಳಿತಿರುವ ಸಾಲಿಗೆ ನಡೆಯಬೇಕು. ಬೆಂಗಳೂರಿನ ಇಂಥದ್ದೇ ಒಂದು ಸಮಾವೇಶಕ್ಕೆ ಮೊದಲ ಸಲ ಹೋಗಿದ್ದಾಗ ನಾನೂ ನಿಮ್ಮಂತೆ ಬಾಗಿಲ ಬಳಿಯ ಥಳುಕಿನ ಮಳಿಗೆಗಳಲ್ಲೇ ಹಣ ಕಳೆದುಕೊಂಡೆ. ಹಿಂದಿನ ಮೂಲೆಯಲ್ಲಿ ಸಣ್ಣ ಮೇಜು ಹಾಕಿಕೊಂಡು, ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಹರಡಿ ಕುಳಿತಿದ್ದ ಹುಡುಗ ಹುಡುಗಿಯರನ್ನು ತಲುಪಿದಾಗ ನನ್ನ ಬಳಿ ಉಳಿದಿದ್ದು ಬಸ್ಸಿನ ಚಾರ್ಜು ಮಾತ್ರ. ಮರುವರ್ಷ ಪುಸ್ತಕಕ್ಕೆಂದು ಬೇರೆ ಲಕೋಟೆಯಲ್ಲಿ ಹಣ ಇಟ್ಟುಕೊಂಡು ಹೋದೆ.

ಕಾಮಿಕ್ಸ್ ಜಾತ್ರೆಯಲ್ಲಿ ಕಾಮಿಕ್ಸೇ ಇಲ್ಲವೆಂಬ ದೂರು ಹೊಸದಲ್ಲ. ಇಂದು ಜಗತ್ತಿನ ಎಲ್ಲರ ಬಾಯಲ್ಲೂ ಇರುವ ಅಮೆರಿಕದ ಸ್ಯಾನ್ ಡಿಯಾಗೋ ಸಮಾವೇಶವು 1970ರ ಆಗಸ್ಟಿನಲ್ಲಿ ಒಂದು ಹೋಟೆಲಿನಲ್ಲಿ, ಸುಮಾರು 300 ಮಂದಿ ಅಭಿಮಾನಿಗಳ ಕೂಟವಾಗಿ ನಡೆದದ್ದು. ಈಗ ಅಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನ ಸೇರುತ್ತಾರೆ, ದೊಡ್ಡ ಸಿನಿಮಾಗಳ ಸುದ್ದಿ ಕೇಳಲು ಹಿಂದಿನ ರಾತ್ರಿಯಿಂದಲೇ ಬಾಗಿಲ ಹೊರಗೆ ಮಲಗುತ್ತಾರೆ. ಸಿನಿಮಾ ಇತ್ತೀಚೆಗೆ ನುಸುಳಿತೆಂದು ಬೈಯುವವರು ಒಂದು ಸಂಗತಿಯನ್ನು ಮರೆಯುತ್ತಾರೆ: 'ಸ್ಟಾರ್ ವಾರ್ಸ್' ತಂಡದವರು ಚಿತ್ರ ತೆರೆಕಾಣುವ ಮೊದಲೇ, 1976ರಲ್ಲಿ, ಅದೇ ಸಮಾವೇಶಕ್ಕೆ ಬಂದು ಅದರ ಬಗ್ಗೆ ಮಾತನಾಡಿ ಪೋಸ್ಟರ್ ಮಾರಿದ್ದರು. ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಜಪಾನಿನ 'ಕಾಮಿಕೆಟ್'. 1975ರ ಡಿಸೆಂಬರಿನಲ್ಲಿ 32 ಗುಂಪುಗಳೊಂದಿಗೆ ಟೋಕಿಯೋದಲ್ಲಿ ಆರಂಭವಾದ ಆ ಸಂತೆಯಲ್ಲಿ ಮುಖ್ಯ ಸರಕೆಂದರೆ ಹವ್ಯಾಸಿಗಳು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಪುಸ್ತಕಗಳು. ಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ ಲಕ್ಷಗಟ್ಟಲೆ ಜನ ಅವನ್ನು ಕೊಳ್ಳಲೆಂದೇ ಬರುವ ಮಟ್ಟಕ್ಕೆ ಅದು ಬೆಳೆಯಿತು. ನಮ್ಮ ದೇಶದ ಸಮಾವೇಶಗಳು ಬಹುಮಟ್ಟಿಗೆ ಸ್ಯಾನ್ ಡಿಯಾಗೋದ ದಾರಿಯಲ್ಲಿವೆ. ಟೋಕಿಯೋದ ತುಣುಕೊಂದು ಉಳಿದಿರುವುದು ಆ ಹಿಂದಿನ ಮೂಲೆಯಲ್ಲಿಯೇ.

ನಿಮ್ಮ ತಂದೆಯವರ ಮಾತಿನಲ್ಲಿ ಬಳಕೆಯಾದ 'ಸೋಗು' ಎಂಬ ಪದ ನನಗೆ ಹಿಡಿಸಿತು. ಮೆಚ್ಚಿನ ಪಾತ್ರದ ವೇಷ ತೊಟ್ಟು ಬರುವ 'ಕಾಸ್‌ಪ್ಲೇ' ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡವನ್ನು ನಾನು ಕಂಡಿಲ್ಲ. ಹಗಲುವೇಷದವರು ಬೆಳಿಗ್ಗೆಯೇ ಬಣ್ಣ ಹಚ್ಚಿಕೊಂಡು ಮನೆಮನೆಯ ಮುಂದೆ ಬಂದು, ತಾವು ಧರಿಸಿದ ಪಾತ್ರದ ಗತ್ತಿನಲ್ಲಿಯೇ ಮಾತನಾಡುವುದನ್ನು ಅವರು ಚಿಕ್ಕಂದಿನಲ್ಲಿ ಖಂಡಿತ ನೋಡಿರುತ್ತಾರೆ. ನಮ್ಮ ಸೀಮೆಯ ಮೊಹರಮ್ಮಿನಲ್ಲಿ ಹರಕೆ ಹೊತ್ತು ಹುಲಿವೇಷ ಹಾಕುವವರನ್ನಂತೂ ಯಾರೂ ಕೆಲಸವಿಲ್ಲದವರೆಂದು ಬೈಯುವುದಿಲ್ಲ. ಅಮೆರಿಕದ ಕಡೆಯ ಕಥೆಯೂ ಹೇಳುವಂಥದ್ದೇ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮಾವೇಶಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬಿಬ್ಬರು ಅಭಿಮಾನಿಗಳು ಭವಿಷ್ಯಕಾಲದ ಉಡುಪು ತೊಟ್ಟು ಬಂದಿದ್ದರು. ಎರಡೂ ಉಡುಪುಗಳನ್ನು ಹೊಲಿದವರು ಮರ್ಟಲ್. ಬಹುಕಾಲ ಹೆಸರು ಬಂದದ್ದು ಮಾತ್ರ ಆಕರ್‌ಮನ್ನರಿಗೆ. ಈ ಸಂಗತಿಯನ್ನು ಅಪ್ಪನವರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ನನ್ನ ಅನುಭವದಲ್ಲಿ, ಕವಚದ ಒಂದು ತುಂಡನ್ನು ಅವರ ಕೈಗೆ ಕೊಟ್ಟು ಹೇಗೆ ಮಾಡಿದೆನೆಂದು ವಿವರಿಸುವುದು ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಆ ತುಂಡು ಗಟ್ಟಿಯಾಗಿರಬೇಕು, ಅಷ್ಟೇ. ನಿಮ್ಮ ಕವಚ ಮುರಿಯಲು ನೂಕುನುಗ್ಗಲು ನೆಪ. ನಿಜವಾದ ಕಾರಣ ಗ್ಲೂ ಗನ್ನು. ಅದರ ಅಂಟು ಬಿಸಿಗೆ ಕರಗಿ ತಣಿದಾಗ ಗಟ್ಟಿಯಾಗುವಂಥದ್ದು, ಆದ್ದರಿಂದ ನಮ್ಮ ಬಿಸಿಲಿಗೆ ಮತ್ತೆ ಮೆತ್ತಗಾಗುತ್ತದೆ, ಬಾಗುವ ಫೋಮಿನ ಮೇಲೆ ಹಪ್ಪಳದಂತೆ ಎದ್ದು ಬರುತ್ತದೆ. ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಸೊಲ್ಯೂಷನ್ ಬಗೆಯ ಅಂಟನ್ನು ಎರಡೂ ಅಂಚುಗಳಿಗೆ ತೆಳುವಾಗಿ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿದರೆ ಬೆಸುಗೆ ಫೋಮಿನ ಜೊತೆಗೇ ಬಾಗುತ್ತದೆ. ಅದರ ವಾಸನೆ ತಲೆಗೇರುವುದರಿಂದ ಈ ಕೆಲಸ ಮಾಳಿಗೆಯ ಮೇಲೆ ಆಗಲಿ. ಬಣ್ಣಕ್ಕೆ ಮೊದಲು ಹೀಟ್ ಗನ್ನನ್ನು ಮೇಲ್ಮೈಯ ಮೇಲೆ ಆಡಿಸಿ, ನೀರು ಬೆರೆಸಿದ ಫೆವಿಕಾಲನ್ನು ಎರಡು ಮೂರು ಸಲ ಬಳಿಯದಿದ್ದರೆ ಫೋಮು ಬಣ್ಣವನ್ನೆಲ್ಲ ಹೀರಿಬಿಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕವಚವನ್ನು ಇಡಿಯಾಗಿ ಅಂಟಿಸಬೇಡಿ; ಭುಜ, ಎದೆ, ಬೆನ್ನುಗಳನ್ನು ಬೇರೆ ಬೇರೆ ಮಾಡಿ ವೆಲ್ಕ್ರೋ ಪಟ್ಟಿಯಿಂದ ಜೋಡಿಸುವಂತೆ ಇಟ್ಟರೆ ಇಡೀ ಯೋಧ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿ ಪ್ರಯಾಣ ಮಾಡುತ್ತಾನೆ. ಹೈದರಾಬಾದಿಗೆ ಹೋಗುವಾಗ, ಸಮಾವೇಶ ಹೈಟೆಕ್ ಸಿಟಿ ಕಡೆಯಿದ್ದರೆ, ಲಿಂಗಂಪಲ್ಲಿಯಲ್ಲಿ ನಿಲ್ಲುವ ಗಾಡಿಯನ್ನೇ ಆರಿಸಿಕೊಂಡು ಅಲ್ಲಿಯೇ ಇಳಿದರೆ, ನಗರದ ಒಳಗೆ ಹೋಗಿ ಹಿಂದಿರುಗುವ ಗೋಜಿಲ್ಲದೆ ಎಂಎಂಟಿಎಸ್ ಲೋಕಲ್ ರೈಲಿನಲ್ಲಿ ಅತ್ತ ಹೋಗಬಹುದು.

ಕನ್ನಡದ ಪುಟ ಕಾಣಲಿಲ್ಲವೆಂಬ ನಿಮ್ಮ ನೋವಿಗೆ ಇತಿಹಾಸದಲ್ಲೊಂದು ವ್ಯಂಗ್ಯವಿದೆ. ಅಮರ ಚಿತ್ರ ಕಥೆ ಮೊದಲು ಹೊರಬಂದದ್ದು ಕನ್ನಡದಲ್ಲಿ. 1960ರ ದಶಕದ ನಡುವೆ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಂ ಅವರ ಒತ್ತಾಸೆಯಿಂದ ಪಾಶ್ಚಾತ್ಯ ಮಕ್ಕಳ ಕಥೆಗಳ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ಸಂಪಾದಿಸಿದ 'ಕೃಷ್ಣ' 11ನೆಯ ಸಂಖ್ಯೆಯಾದದ್ದು ಅದೇ ಕಾರಣಕ್ಕೆ. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಕಾಮಿಕ್ ಕಾನ್ ನಡೆದಾಗ ಜೀವಮಾನ ಸಾಧನೆಯ ಗೌರವ ಸಂದದ್ದು ಪೈ ಅವರಿಗೆ. ಅದಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಬಾಗಿಲು ತೆರೆದವರ ಸಾಲಿನಲ್ಲಿದ್ದ ಭಾಷೆ ಈಗ ಮೇಜಿನ ಮೇಲೆ ಇಲ್ಲವೆಂದರೆ ಯಾರಾದರೂ ತಂದಿಡಬೇಕು, ಸಂಘಟಕರು ತಂದಿಡುವುದಿಲ್ಲ. ನಾಲ್ಕು ಎ4 ಹಾಳೆಗಳನ್ನು ನಡುವೆ ಮಡಚಿ ಎರಡು ಪಿನ್ನು ಹೊಡೆದರೆ 16 ಪುಟಗಳ ಪುಸ್ತಕ ಸಿದ್ಧ. ಹೊರಗಿನ ಹಾಳೆಯ ಒಂದು ಮಗ್ಗುಲಿಗೆ 16 ಮತ್ತು 1ನೆಯ ಪುಟ, ಇನ್ನೊಂದು ಮಗ್ಗುಲಿಗೆ 2 ಮತ್ತು 15ನೆಯ ಪುಟ ಬರಬೇಕೆಂಬ ಲೆಕ್ಕವೊಂದನ್ನು ತಪ್ಪದಿದ್ದರಾಯಿತು. ಮಾತಿನ ಗುಳ್ಳೆಯನ್ನು ಮಾತ್ರ ಇಂಗ್ಲಿಷ್ ಕಾಮಿಕ್ಸಿನ ಅಳತೆಯಲ್ಲಿ ಬಿಡಿಸಬೇಡಿ. ಅಲ್ಲಿ ದೊಡ್ಡಕ್ಷರಗಳೆಲ್ಲ ಒಂದೇ ಎತ್ತರಕ್ಕೆ ನಿಲ್ಲುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ಪ್ರತ್ಯಯಗಳು ಸೇರಿ ಪದವೇ ಉದ್ದವಾಗುತ್ತದೆ, ಹಾಗಾಗಿ ಮೊದಲು ಅಕ್ಷರ ಬರೆದು ಆಮೇಲೆ ಅದರ ಸುತ್ತ ಗುಳ್ಳೆ ಎಳೆಯುವುದು ಕ್ಷೇಮ. ನಿಮ್ಮ ತಂದೆಯವರು ಆಡಿದ ಮಾತು, ಆ 'ತಿರಗ್ಲಕ್' ಸಮೇತ, ಮೊದಲ ಪುಟದ ಮೊದಲ ಗುಳ್ಳೆಯಲ್ಲಿ ಚೆನ್ನಾಗಿ ಕೂರುತ್ತದೆ.

ಪ್ರಶ್ನೆ: ನಮ್ಮ ಕಾಕಾ ಅವರ ಟ್ರಂಕಿನಲ್ಲಿ ಕನ್ನಡದ ಹಳೆಯ ಇಂದ್ರಜಾಲ ಕಾಮಿಕ್ಸ್ ಕೆಲವು ಸಿಕ್ಕಿವೆ. ಇಂಥ ಸಮಾವೇಶದಲ್ಲಿ ಮಾರಬಹುದೇ? ಹರಿದಲ್ಲಿ ಟೇಪು ಹಚ್ಚಲೇ?
(ಓದುಗಿ, ಯಾದಗಿರಿ)

ಉತ್ತರ: ಟೇಪು ಹಚ್ಚಬೇಡಿ, ಅದು ಕೆಲವು ವರ್ಷಗಳಲ್ಲಿ ಹಳದಿಗಟ್ಟಿ ಕಾಗದವನ್ನೂ ಕೆಡಿಸುತ್ತದೆ. ಇಂದ್ರಜಾಲ ಮಾಲೆ 1964ರಲ್ಲಿ ಆರಂಭವಾಗಿ 1990ರಲ್ಲಿ ನಿಂತುಹೋಯಿತು, ಆದ್ದರಿಂದ ಸಂಗ್ರಾಹಕರು ಅದನ್ನು ಹುಡುಕುತ್ತಾರೆ, ಅದರಲ್ಲೂ ಹೊದಿಕೆ ಪುಟ ಮತ್ತು ನಡುವಿನ ಹಾಳೆ ಇರುವ ಪ್ರತಿಗಳನ್ನು. ಕೊಳ್ಳುವವರು ಸಿಗುತ್ತಾರೆ, ಆದರೆ ಮೊದಲ ಮಳಿಗೆಯಲ್ಲಿ ಹೇಳಿದ ಬೆಲೆಗೆ ಒಪ್ಪಿಬಿಡಬೇಡಿ; ಪ್ರತಿಯೊಂದರ ಸಂಖ್ಯೆ ಮತ್ತು ತಿಂಗಳನ್ನು ಬರೆದ ಪಟ್ಟಿಯನ್ನು, ಮುಖಪುಟದ ಫೋಟೋಗಳನ್ನು ಕೈಯಲ್ಲಿಟ್ಟುಕೊಂಡು ಮೂರು ನಾಲ್ಕು ಕಡೆ ವಿಚಾರಿಸಿ. ಪಿನ್ನು ತುಕ್ಕು ಹಿಡಿದಿದ್ದರೆ ಕೀಳಲು ಹೋಗದೆ, ಪ್ರತಿ ಪುಸ್ತಕವನ್ನೂ ಒಂದು ರಟ್ಟಿನ ಮೇಲೆ ಚಪ್ಪಟೆಯಾಗಿ ಮಲಗಿಸಿ, ಬಿಸಿಲೂ ತೇವವೂ ತಾಗದ ಕಡೆ ಇಡಿ. ಮಾರುವ ಮೊದಲು ನಿಮ್ಮ ಕಾಕಾ ಅವರನ್ನೊಮ್ಮೆ ಕೇಳಿದ್ದೀರಿ ತಾನೆ?