ಕೋಪಕಬಾನಾದಲ್ಲಿ ಫ್ಲ್ಯಾಟ್ ಕೊಳ್ಳಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಮೈಸೂರಿನವರು. ಐಟಿ ಕೆಲಸದ ಮೇಲೆ ಹೆಂಡತಿ, ಮಗಳ ಜೊತೆ ಬ್ರೆಜಿಲ್‌ನ ರಿಯೊದಲ್ಲಿದ್ದೇನೆ. ಸುಮ್ನೆ ಬಾಡಿಗೆ ಕಟ್ಟುವ ಬದಲು ಕೋಪಕಬಾನಾದಲ್ಲಿ ಸಮುದ್ರ ಕಾಣುವ ಸಣ್ಣ ಫ್ಲ್ಯಾಟ್ ಕೊಳ್ಳೋಣ ಅಂತಿದ್ದೇವೆ. ಊರಿಗೆ ಹೋದಾಗ ಟೂರಿಸ್ಟ್‌ಗಳಿಗೆ ದಿನದ ಬಾಡಿಗೆಗೆ ಬಿಡಬಹುದು ಅಂತಾನೆ ಬ್ರೋಕರ್. ವಿದೇಶಿಯರು ಕೊಳ್ಳಬಹುದಾ? ಕೊಂಡರೆ ವೀಸಾ ಸಿಗುತ್ತಾ?

ಉತ್ತರ: ಧಾರಾಳವಾಗಿ ಕೊಳ್ಳಬಹುದು. ಬ್ರೆಜಿಲ್‌ನಲ್ಲಿ ವಿದೇಶಿಯರಿಗೆ ಬಿಗಿ ಇರುವುದು ಹಳ್ಳಿ ಕಡೆಯ ಜಮೀನಿಗೆ, ಊರೊಳಗಿನ ಫ್ಲ್ಯಾಟ್‌ಗೆ ಅಲ್ಲ. ತೆರಿಗೆ ನಂಬರ್ ಸಿಪಿಎಫ್ ಬೇಕು, ಅದು ನಿಮ್ಮ ಹತ್ತಿರ ಇದ್ದೇ ಇರುತ್ತೆ.

ಆದರೆ ಸಮುದ್ರ ಕಾಣುವ ಮನೆಯೇ ಯಾಕೆ? ಬೀಚಿನ ಪಕ್ಕದ ರಸ್ತೆ ಅವೆನಿಡಾ ಅಟ್ಲಾಂಟಿಕಾದ ಮೇಲಿನ ಫ್ಲ್ಯಾಟ್‌ಗೆ ನೋಟದ ಬೆಲೆ ಕಟ್ಟುತ್ತೀರಿ, ಜೊತೆಗೆ ಗದ್ದಲವೂ ಬರುತ್ತೆ. ಹೊಸ ವರ್ಷದ ರಾತ್ರಿ ಲಕ್ಷಗಟ್ಟಲೆ ಜನ ಕಿಟಕಿಯ ಕೆಳಗೇ ಇರುತ್ತಾರೆ. 2024ರ ಮೇನಲ್ಲಿ ಮಡೋನಾ, 2025ರ ಮೇನಲ್ಲಿ ಲೇಡಿ ಗಾಗಾ ಅಲ್ಲೇ ಮರಳಿನ ಮೇಲೆ ಉಚಿತವಾಗಿ ಹಾಡಿದರು. ಮಜಾ ಸರಿ, ಆದರೆ ಬೆಳಿಗ್ಗೆ ಮಗಳು ಶಾಲೆಗೆ ಹೋಗಬೇಕಲ್ವಾ? ಉಪ್ಪುಗಾಳಿಗೆ ಎಸಿ, ಕಿಟಕಿಯ ಕಬ್ಬಿಣ ಬೇಗ ತುಕ್ಕು ಹಿಡಿಯುವುದು ಬೇರೆ.

ಒಂದು ಬೀದಿ ಹಿಂದೆ ಸರಿದರೆ ಶಾಂತಿ ಸಿಗುತ್ತೆ ಅಂದುಕೊಳ್ಳಬೇಡಿ. ನೊಸ್ಸಾ ಸೆನ್ಯೋರಾ ಡಿ ಕೋಪಕಬಾನಾ, ಬರಾಟಾ ರಿಬೇರೊ ಎರಡೂ ಬಸ್ಸುಗಳ ರಸ್ತೆ. ನನ್ನನ್ನು ಕೇಳಿದರೆ ಬೈರೊ ಪೇಶೊಟೊ ನೋಡಿ. ಕೋಪಕಬಾನಾದ ಒಳಗೇ ಇದೆ. ತಗ್ಗಿನ ಕಟ್ಟಡಗಳು, ನಡುವೆ ಮಕ್ಕಳು ಆಡುವ ಚೌಕ. ಸಿಕೇರಾ ಕಾಂಪೊಸ್ ಮೆಟ್ರೊ ಹತ್ತಿರ, ಬೀಚಿಗೆ ನಡೆದೇ ಹೋಗಬಹುದು. ವಾರದ ಬೀದಿ ಸಂತೆಗಳನ್ನು ಮಾತ್ರ ಬಿಡಬೇಡಿ. ಆಗಷ್ಟೇ ಎಣ್ಣೆಯಿಂದ ತೆಗೆದ ಚೀಸ್ ಪಸ್ತೆಲ್, ಪಕ್ಕದಲ್ಲೇ ಗಾಣಕ್ಕೆ ಕೊಟ್ಟು ಹಿಂಡಿದ ಕಬ್ಬಿನ ಹಾಲು. ಸಸ್ಯಾಹಾರಿಗಳಿಗೂ ಹಬ್ಬ.

ಈಗ ಕಾಗದಪತ್ರ. ನಿಜವಾದ ತಲೆನೋವು ಇಲ್ಲೇ. ಆ ಫ್ಲ್ಯಾಟಿನ 'ಮಟ್ರಿಕುಲಾ' ಪ್ರತಿ ಹೊಸದಾಗಿ ತೆಗೆಸಿ. ನಮ್ಮ ಇಸಿ ಥರ, ಯಾರ ಹೆಸರಲ್ಲಿದೆ, ಸಾಲ, ಜಪ್ತಿ ಏನಾದರೂ ಇದೆಯಾ ಎಲ್ಲ ಅದರಲ್ಲಿ ಕಾಣುತ್ತೆ. ಹಿಂದಿನವರು ಕಟ್ಟದ ಮೇಂಟೆನೆನ್ಸ್ ಬಾಕಿ ಮತ್ತು ಮನೆ ತೆರಿಗೆ ಬಾಕಿ ಮನೆಯ ಜೊತೆಗೇ ಬರುತ್ತವೆ, ಹಾಗಾಗಿ ಬಾಕಿ ಇಲ್ಲವೆಂಬ ಪತ್ರ ಕೈಗೆ ಬಾರದೆ ಮುಂಗಡ ಕೊಡಬೇಡಿ. ಸಾಮಾನ್ಯವಾಗಿ ಮುಂಗಡ ಕೊಟ್ಟು ನೀವು ಹಿಂದೆ ಸರಿದರೆ ಆ ದುಡ್ಡು ಹೋಯಿತು. ಮಾರುವವರು ಸರಿದರೆ ಎರಡರಷ್ಟು ವಾಪಸ್ ಕೊಡಬೇಕು. ಕಾರ್ಟೋರಿಯೊದಲ್ಲಿ, ಅಂದರೆ ನೋಟರಿ ಕಚೇರಿಯಲ್ಲಿ, ಕ್ರಯಪತ್ರವಾದರೆ ಸಾಲದು, ಮಟ್ರಿಕುಲಾದಲ್ಲಿ ನಿಮ್ಮ ಹೆಸರು ಏರುವವರೆಗೂ ಕಾನೂನಿನ ಕಣ್ಣಿಗೆ ಮಾಲೀಕ ಹಳಬನೇ. ರಿಯೊ ನಗರದಲ್ಲಿ ವರ್ಗಾವಣೆ ತೆರಿಗೆ ಶೇ. 3. ಊರಿನಿಂದ ದುಡ್ಡು ತರಿಸಿದರೆ ಬ್ಯಾಂಕಿನ ವಿನಿಮಯ ಪತ್ರ ಜೋಪಾನ. ಮುಂದೆ ಮಾರಿ ಹಣ ಹೊರಗೆ ಒಯ್ಯುವಾಗ ಕೇಳುತ್ತಾರೆ.

ಕಡಲ ಹತ್ತಿರದ ಕಟ್ಟಡಕ್ಕೆ ಇನ್ನೊಂದು ತೊಡಕು. 1831ರ ಭರತದ ಗೆರೆಯಿಂದ 33 ಮೀಟರ್ ಒಳಗಿನ ನೆಲ ಕೇಂದ್ರ ಸರ್ಕಾರದ್ದು. 1970ರ ಸುಮಾರಿಗೆ ಮರಳು ತುಂಬಿ ಬೀಚನ್ನು ಅಗಲ ಮಾಡಿದರು, ನೀರು ದೂರ ಹೋಯಿತು, ಆದರೆ ಲೆಕ್ಕ ಹಳೆಯ ಗೆರೆಯದ್ದೇ! ಅಂಥ ನೆಲದ ಮೇಲಿನ ಮನೆ ಕೈ ಬದಲಾದಾಗ ಶೇ. 5ರ 'ಲೌಡೆಮಿಯೊ' ಎಂಬ ಶುಲ್ಕ ಸರ್ಕಾರಕ್ಕೆ ಕಟ್ಟಬೇಕು. ಅದನ್ನು ಯಾರು ಕಟ್ಟುವುದು ಅಂತ ಕರಾರಿನಲ್ಲೇ ಬರೆಸಿ.

ವೀಸಾ ವಿಷಯ ಚಿಕ್ಕದು. ಮನೆ ಕೊಂಡ ಮಾತ್ರಕ್ಕೆ ಸಿಗಲ್ಲ. ಹೂಡಿಕೆ ಲೆಕ್ಕದಲ್ಲಿ ವಾಸದ ಪರವಾನಗಿ ಬೇಕಾದರೆ ರಿಯೊದಲ್ಲಿ ಮನೆಗೆ ಕನಿಷ್ಠ 10 ಲಕ್ಷ ಬ್ರೆಜಿಲ್ ರಿಯಲ್ ಹಾಕಬೇಕು. ಉತ್ತರ, ಈಶಾನ್ಯ ರಾಜ್ಯಗಳಲ್ಲಿ 7 ಲಕ್ಷ. ನಿಮಗೆ ಕೆಲಸದ ವೀಸಾ ಇರುವಾಗ ಇದರ ಆಸೆಗೆ ಬಜೆಟ್ ಹಿಗ್ಗಿಸಬೇಡಿ.

ದಿನದ ಬಾಡಿಗೆ ಬಗ್ಗೆ ಬ್ರೋಕರ್ ಅರ್ಧ ಮಾತ್ರ ಹೇಳಿದ್ದಾನೆ. ವಾಸಕ್ಕೆ ಮಾತ್ರ ಅಂತ ನಿಯಮವಿರುವ ಕಟ್ಟಡ ಇಂಥ ಬಾಡಿಗೆಯನ್ನು ತಡೆಯಬಹುದು ಎಂದು ಬ್ರೆಜಿಲ್‌ನ ಉನ್ನತ ನ್ಯಾಯಾಲಯವೊಂದು 2021ರಲ್ಲಿ ಹೇಳಿದೆ. ಆ ಆದಾಯ ನಂಬಿ ಸಾಲ ಮಾಡಬೇಡಿ.

ನನ್ನ ಸಲಹೆ, ಮೊದಲು ಅದೇ ಬೀದಿಯಲ್ಲಿ ಒಂದು ವರ್ಷ ಬಾಡಿಗೆಗಿರಿ. ಕರಾರು ಸಾಮಾನ್ಯವಾಗಿ 30 ತಿಂಗಳದ್ದು, ಬೇಗ ಬಿಟ್ಟರೆ ಉಳಿದ ಅವಧಿಗೆ ತಕ್ಕಂತೆ ದಂಡ. ನಗದು ಠೇವಣಿ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಆ ವರ್ಷದಲ್ಲಿ ಬಾಗಿಲು ಕಾಯುವ ಪೋರ್ಟೇರೊ ಜೊತೆ ಸ್ನೇಹ ಮಾಡಿಕೊಳ್ಳಿ, ಯಾವ ಮನೆಯಲ್ಲಿ ನೀರು ಸೋರುತ್ತೆ ಅನ್ನೋದು ಅವನಿಗೆ ಗೊತ್ತು. ಕೊಳ್ಳುವ ಕಟ್ಟಡ ಗೊತ್ತಾದ ಮೇಲೆ ಸಿಂಡಿಕೊ, ಅಂದರೆ ಸಂಘದ ಮುಖ್ಯಸ್ಥರ ಹತ್ತಿರ ಹಿಂದಿನ ಸಭೆಗಳ ನಡಾವಳಿ ಕೇಳಿ ಪಡೆಯಿರಿ. ಲಿಫ್ಟ್ ಬದಲಿಸಲು, ಹೊರಗೋಡೆ ರಿಪೇರಿಗೆ ಹೆಚ್ಚುವರಿ ವಂತಿಗೆ ತೀರ್ಮಾನವಾಗಿದ್ದರೆ ಅದರಲ್ಲಿ ಇರುತ್ತೆ. ಇದ್ದರೆ ಅಷ್ಟನ್ನು ಬೆಲೆಯಲ್ಲಿ ಇಳಿಸಿ ಮಾತಾಡಿ.